ಜಲ್ಲಿಯ ಮೇಲೆ ಟಿಟ್ಟಿಭ

ನಂದು ಹಕ್ಕಿ ಓಡಿಸುವ ಕೆಲಸ.
ಕೆಂಜಾರು ಗುಡ್ಡದ ನೆತ್ತಿ ಬೋಳಿಸಿ ಮಾಡಿದ ರನ್‌ವೇಯಲ್ಲಿ
ಹನ್ನೆರಡು ವರ್ಷದಿಂದ ಒಂದು ಜೀಪು, ಒಂದು ವಾಕಿಟಾಕಿ,
ಪಟಾಕಿ ಹಾರಿಸುವ ಕೋವಿ, ಮತ್ತೆ ಈ ಇದಿನಬ್ಬ.

ಹದ್ದು ಗಾಳಿಗೆ ಒರಗಿಕೊಂಡು ಬರುತ್ತದೆ.
ಪಾರಿವಾಳಕ್ಕೆ ಯಾವಾಗಲೂ ಬಸ್ಸು ತಪ್ಪಿದ ಅವಸರ.
ನವಿಲಿಗೆ ಎಂತ ಹೇಳಿದರೂ ಅಷ್ಟೇ,
ದುಬೈ ವಿಮಾನದ ಎದುರೇ ಅದಕ್ಕೆ ರಸ್ತೆ ದಾಟಲಿಕ್ಕುಂಟು.

ಮೊನ್ನೆ ಸುರಕ್ಷತಾ ಸಪ್ತಾಹ. ವಾಯುಪಡೆಯಲ್ಲಿದ್ದವರೊಬ್ಬರು,
ಕುತ್ಪಾಡಿಯವರಂತೆ, ಗೋಡೆಯ ಮೇಲೆ ಚಿತ್ರ ಬಿಟ್ಟರು:
ನಾಳೆ ಬರುವ ಯುದ್ಧವಿಮಾನ. ನಮ್ಮದೇ.
ಬಾಂಬು ಹೊಟ್ಟೆಯೊಳಗೆ, ಬಸುರಿನ ಹಾಗೆ.
"ಎದುರಾಳಿಯ ರೇಡಾರಿಗೆ ಇದು ಕಾಣುವುದು ಇಷ್ಟೇ"
ಎಂದು ಮುಷ್ಟಿ ಹಿಡಿದರು, "ಒಂದು ಮೈನಾ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.
ಆಮೇಲೆ ಚಾ ಕುಡಿಯುವಾಗ ಗಂಟಲಲ್ಲಿ ನಿಂತಿತು:
ನಮ್ಮದು ಮೈನಾ ಆಗುವುದಾದರೆ
ಅವರದ್ದೂ ಒಂದು ದಿನ ಮೈನಾ ಆಗುತ್ತದಲ್ಲ.
ಆಗ ಮೈನಾ ಯಾವುದೆಂದು ಹೇಳುವುದು ಯಾರು?

"ಅದಕ್ಕೇ ನಿನ್ನನ್ನು ಇಟ್ಟದ್ದು ಮಾರಾಯ"
ಎಂದು ನಕ್ಕರು ಟವರಿನ ಜೆಸಿಂತಾ ಮೇಡಂ.
ಅವರ ಪರದೆಯಲ್ಲಿ, ಪಣಂಬೂರು ಕಡಲ ಮೇಲಿನ ಒಂದೊಂದು ಚುಕ್ಕಿಗೂ
ಹೆಸರುಂಟು, ಎತ್ತರ ಉಂಟು, ಹೋಗುವ ಊರುಂಟು.
ಕಳೆದ ಭಾನುವಾರ ಹೆಸರಿಲ್ಲದ್ದೊಂದು ಬಂತು.
ಎಲ್ಲೆಲ್ಲಿಗೋ ಫೋನು. ಇಪ್ಪತ್ತು ನಿಮಿಷ ಎಲ್ಲರ ಮುಖ ಬಿಳಿ.
ನೋಡಿದರೆ ಅದ್ಯಪಾಡಿಯ ಮದುವೆಮನೆ ಡ್ರೋನು,
ಮದುಮಗಳ ಸೆರಗು ಮೇಲಿನಿಂದ ಹಿಡಿಯಲಿಕ್ಕೆ ಎದ್ದದ್ದು.

ಈಗ ಸಂಗತಿ ಎಂತ ಅಂದರೆ
ಪಡುವಣ ತುದಿಯ ಜಲ್ಲಿಯಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿದೆ. ನಾಲ್ಕು.
ಜಲ್ಲಿಯದೇ ಬಣ್ಣ. ಎರಡು ಸಲ ತುಳಿಯುತ್ತಿದ್ದೆ.
ವರದಿ ಬರೆಯಬೇಕು.
ಬರೆದಿಲ್ಲ.
ಹದ್ದಿನ ನೆರಳು ಬಿದ್ದರೆ ಸಾಕು, ಎದ್ದು ಕಿರುಚುತ್ತದೆ,
ಅಷ್ಟು ದೊಡ್ಡದನ್ನು ಮರವೂರು ಹೊಳೆ ದಾಟಿಸಿ ಬರುತ್ತದೆ.
ನನಗೊಂದು ಪಟಾಕಿ ಉಳಿಯಿತು.

ಅಜ್ಜಿ ಹೇಳುತ್ತಿದ್ದಳು, ಈ ಹಕ್ಕಿ ರಾತ್ರಿ
ಕಾಲು ಮೇಲೆ ಮಾಡಿ ಮಲಗುತ್ತದಂತೆ,
ಆಕಾಶ ಬಿದ್ದರೆ ಹಿಡಿಯಲಿಕ್ಕೆ.
ರಾತ್ರಿಪಾಳಿಯಲ್ಲಿ ಟಾರ್ಚು ಹಾಕಿ ನೋಡಿದೆ. ಸುಳ್ಳು.
ಮೊಟ್ಟೆಯ ಮೇಲೆ ಕೂತಿತ್ತು, ಕಣ್ಣು ಬಿಟ್ಟುಕೊಂಡು.

ಅಷ್ಟರಲ್ಲಿ ನೆತ್ತಿಯ ಮೇಲೆ ಎಂತದೋ ಹೋದ ಹಾಗಾಯಿತು.
ಸದ್ದಿಲ್ಲ. ಎರಡು ನಕ್ಷತ್ರ ಆರಿ ಹತ್ತಿದಷ್ಟೇ.
"ಮೇಡಂ, ಎಂತಾದರೂ ಉಂಟಾ?"
ವಾಕಿಟಾಕಿ ಗರಗರ ಎಂದಿತು.
"ಎಂತದೂ ಇಲ್ಲ ಇದಿನಬ್ಬ, ಪರದೆ ಖಾಲಿ."

ಹಕ್ಕಿ ಮಾತ್ರ ಕತ್ತು ಇಳಿಸಲೇ ಇಲ್ಲ.