ಎಡಚನ ಗಂಜಿ

ಲಾಕ್ಲನ್, ನಿನ್ನ ಕೋಲು ಕೈಗೆ ತೆಗೆದುಕೊಂಡಿದ್ದೇನೆ,
ತಿರುವಲು ಬೇರೆ ಕೋಲು ಈ ಮನೆಯಲ್ಲಿಲ್ಲ.
ಹೇಝಲ್ ಮರದ್ದು. ತುದಿ ಸವೆದು ನುಣ್ಣಗಾಗಿದೆ,
ಹಿಡಿಯಲ್ಲಿ ನಿನ್ನ ಹೆಬ್ಬೆರಳು ಕೂತ ತಗ್ಗು.
ನನ್ನದು ಅಲ್ಲಿ ಕೂರುವುದಿಲ್ಲ.
ನಾನು ಎಡಚ.

ಆರೂಕಾಲು. ಕಿಟಕಿಯಾಚೆ ಅಕ್ಟೋಬರಿನ ಕತ್ತಲು,
ಸಮುದ್ರ ಕಾಣದು, ಬರೀ ವಾಸನೆ.
ಮಾರ್ಸಲಿಗೆ ಓಬನ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ,
ಅವಳ ಕಾರು ಬರುವುದು ಎಂಟರ ಮೇಲೆ.
ಶಾಲೆಯ ಬಸ್ಸು ಏಳೂವರೆಗೆ.
ನಡುವಿನ ಈ ಹೊತ್ತು ನನ್ನದು, ನಿನ್ನ ಮಗಳದ್ದು.

ಓಟ್ಸ್ ನುಚ್ಚನ್ನು ರಾತ್ರಿಯೇ ನೆನೆಹಾಕಿದ್ದೆ.
ಅಷ್ಟು ಗೊತ್ತು ನನಗೆ; ಡಬ್ಬಿಯ ಮೇಲೆ ಬರೆದಿದೆ.
ಪೇಸ್ಲಿಯ ಮೂರನೇ ಮಹಡಿಯಲ್ಲಿ ಬೆಳೆದವನು,
ಬೆಳಗೆಂದರೆ ಸೀದ ಬ್ರೆಡ್ಡು, ಅದೂ ನಿಂತುಕೊಂಡೇ.
ಒಲೆಯ ಮುಂದೆ ಅರ್ಧ ಗಂಟೆ ಕಾಯುವುದನ್ನು
ನಲವತ್ತಮೂರಕ್ಕೆ ಕಲಿಯುತ್ತಿದ್ದೇನೆ.

ಮೊದಲು ಎಲ್ಲ ಸುಮ್ಮನಿತ್ತು.
ಆಮೇಲೆ ನಡುವಿನಲ್ಲಿ ಒಂದು ಗುಳ್ಳೆ, ಯೋಚಿಸಿ ಎದ್ದ ಹಾಗೆ.
ಮತ್ತೊಂದು. ಆಮೇಲೆ ಲೊಳಕ್ ಲೊಳಕ್
ಪಾತ್ರೆಯೇ ಮಾತಿಗೆ ಶುರುವಿಟ್ಟಿತು.
ನಾನೂ ಅದರ ಜೊತೆ ಗೊಣಗುತ್ತಿದ್ದೆ, ನಿನಗೆ.

“ಆ ಕಡೆ ಅಲ್ಲ.”
ಬಾಗಿಲಲ್ಲಿ ಇಷ್ಬೆಲ್. ಒಂದೇ ಕಾಲ್ಚೀಲ.
“ಎಡಗೈಲಿ ಎಡಸುತ್ತು ತಿರುವಿದರೆ
ಪಾತ್ರೆಯೊಳಗೆ ಸೈತಾನ ಬರ್ತಾನೆ. ಅಪ್ಪ ಹೇಳಿದ್ದು.
ಬಲಗೈ. ಸೂರ್ಯ ಹೋಗೋ ಕಡೆ.”

ಸೂರ್ಯ ಇನ್ನೂ ಹುಟ್ಟಿಲ್ಲ, ಎನ್ನಲಿಲ್ಲ ನಾನು.
ಕೈ ಬದಲಿಸಿದೆ.
ಪ್ರದಕ್ಷಿಣೆ ಹೊರಟಿತು ಕೋಲು, ಅಂಚಿಗೆ ಬಡಿಯುತ್ತ,
ಕುಡಿದವನು ಮನೆ ಹುಡುಕುವ ಹಾಗೆ.
ತಳ ಹಿಡಿಯಿತು. ಅಲ್ಲಲ್ಲಿ ಗಂಟು ಕಟ್ಟಿತು.

ಉಪ್ಪು? ಈಗಲ್ಲ, ಅರ್ಧ ಬೆಂದ ಮೇಲೆ,
ಇಲ್ಲದಿದ್ದರೆ ಕಾಳು ಮುನಿಸಿಕೊಂಡು ಬಿರುಸಾಗುತ್ತದೆ.
ಇದೂ ನೀನು ಹೇಳಿದ್ದೇ.
ಸಕ್ಕರೆ ಡಬ್ಬಿಯತ್ತ ಹೋದ ನನ್ನ ಕೈಯನ್ನು
ಅವಳು ನೋಡಿದಳು,
ಚರ್ಚಿನಲ್ಲಿ ಟೋಪಿ ತೆಗೆಯದವನನ್ನು ನೋಡುವಂತೆ.

ನಿನ್ನೆ ಬ್ರೆಡ್ ವ್ಯಾನು ದಾರಿಬದಿಗೆ ನಿಲ್ಲಿಸಿ
ಕಲ್ಲುಗೋಡೆಯ ಮುಳ್ಳುಪೊದೆಯಿಂದ ಬಿಡಿಸಿದ್ದೆ
ಒಂದು ಬೊಗಸೆ ಬ್ಲಾಕ್‌ಬೆರಿ, ಈ ವರ್ಷದ ಕೊನೆಯವು.
ಬೆರಳಿಗೆ ಮೂರು ಗೀರು, ಅಂಗಿಗೆ ಒಂದು ಕಲೆ.
“ಮಿಕಲ್‌ಮಸ್ ಕಳೆದ ಮೇಲೆ ಇದನ್ನ ತಿನ್ನಬಾರದು.
ಸೈತಾನ ಉಗುಳಿರ್ತಾನೆ.”
ಲಾಕ್ಲನ್, ನಿಜ ಹೇಳುತ್ತೇನೆ,
ನಿನ್ನ ಮನೆಯಲ್ಲಿ ಸೈತಾನನಿಗೆ
ನನಗಿಂತ ಹೆಚ್ಚು ಸಲಿಗೆ.

ಸೇಬಿನ ಮೇಲೆ ಮಾತ್ರ, ಆಶ್ಚರ್ಯ, ಅವನ ಹಕ್ಕಿರಲಿಲ್ಲ.
ಪಕ್ಕದ ಮನೆಯ ಗ್ರಿಜೆಲ್ ಚೀಲದಲ್ಲಿ ಕೊಟ್ಟದ್ದು,
ಅಂಕುಡೊಂಕು, ಹುಳಿ, ಒಂದು ಮಗ್ಗುಲಲ್ಲಿ ಹಕ್ಕಿ ಕುಕ್ಕಿದ್ದು.
ಕುಕ್ಕಿದ್ದನ್ನು ಕೆತ್ತಿ, ಸಣ್ಣಗೆ ಹೆಚ್ಚಿ, ಬೆಣ್ಣೆಯಲ್ಲಿ ಬಾಡಿಸಿದೆ,
ಎಡಗೈಯಲ್ಲೇ;
ಚಾಕುವಿಗೆ ನಿನ್ನ ಕಾನೂನು ಇರಲಿಲ್ಲವಂತೆ.
ಘಮ ಮೆಟ್ಟಿಲು ಹತ್ತಿ ಹೋಯಿತು,
ಮೇಲೆ ಯಾರೂ ಇಲ್ಲದೆ ವಾಪಸು ಬಂತು.

ಆಗ ಅವಳು ಬಾಗಿಲ ಹಿಂದಿನ ಕೋಟಿನ ಜೇಬಿಗೆ ಕೈ ಹಾಕಿದಳು.
ಐದು ಹೇಝಲ್ ಕಾಯಿ,
ನೀನು ಈ ಕೋಲು ಕಡಿದ ಮರದ ಕೆಳಗಿನವು.
ಬಾಗಿಲ ಸಂದಿಗೆ ಒಂದೊಂದೇ ಇಟ್ಟು
ಮೆಲ್ಲಗೆ ತಳ್ಳಿದಳು: ಟಕ್.
ಎರಡು ಒಳ್ಳೆಯವು. ಒಂದು ಪೊಳ್ಳು.
ಒಂದರಲ್ಲಿ ಹುಳ, ನಮಗಿಂತ ಮೊದಲೇ ತಿಂಡಿ ಮುಗಿಸಿದ್ದು.
ಐದನೆಯದನ್ನು ಒಡೆಯಲಿಲ್ಲ. ಜೇಬಿಗೇ ಹೋಯಿತು.

ಬಿಸಿ ಗಂಜಿ ಒಂದು ಬಟ್ಟಲಲ್ಲಿ, ತಣ್ಣನೆ ಕೆನೆ ಇನ್ನೊಂದರಲ್ಲಿ;
ಚಮಚ ಅದರಲ್ಲಿ ಮುಳುಗಿ, ಇದರಲ್ಲಿ ಮುಳುಗಿ
ಬಾಯಿಗೆ ಬರಬೇಕು. ಬೆರೆಸಬಾರದು.
ನಾನು ಬೆರೆಸಿಬಿಟ್ಟಿದ್ದೆ. ಅವಳು ಏನೂ ಅನ್ನಲಿಲ್ಲ.
ಗಂಟು ಸಿಕ್ಕಿತು. ಅಗಿದಳು. ನುಂಗಿದಳು.
ಎರಡು ಕಾಯಿಯಲ್ಲಿ ಒಂದು ನನ್ನ ಬಟ್ಟಲಲ್ಲಿತ್ತು,
ಯಾವಾಗ ಬಂತೋ ನಾನು ನೋಡಲಿಲ್ಲ.

ತಿರುವಿನಲ್ಲಿ ಬಸ್ಸಿನ ದೀಪ ಕಂಡಾಗ
ಎರಡನೇ ಕಾಲ್ಚೀಲ ಸಿಕ್ಕಿತು.
ಹೊಸ್ತಿಲಿಂದ ತಿರುಗಿ ಬಂದು
ಒಂದು ಬ್ಲಾಕ್‌ಬೆರಿ ಬಾಯಿಗೆ ಹಾಕಿಕೊಂಡಳು.
“ಅಪ್ಪನಿಗೆ ಹೇಳಬೇಡ.”

ಹೇಳಿಬಿಟ್ಟೆ.
ತಳ ಹಿಡಿದ ಪಾತ್ರೆಗೆ ನೀರು ಬಿಟ್ಟಿದ್ದೇನೆ,
ನಿನ್ನ ಕೋಲು ತೊಳೆದು ಜಾಡಿಯಲ್ಲಿ ನಿಲ್ಲಿಸಿದ್ದೇನೆ.
ಮಾರ್ಸಲಿಯ ಪಾಲು ಒಲೆಯ ಮೂಲೆಯಲ್ಲಿ ಮುಚ್ಚಿಟ್ಟಿದೆ.
ಅದಕ್ಕೆ ಸಕ್ಕರೆ ಹಾಕಿದೆ.
ನೀನೂ ಯಾರಿಗೂ ಹೇಳಬೇಡ.