ಒಂದು ಕಾಲು ಮರಳಿನಲ್ಲಿ

ಹನ್ನೊಂದು ದಿನ ಉವಾತುಲ್ಕೊ ಬಂದರಿನಲ್ಲಿ ಕಟ್ಟಿಸಿಕೊಂಡು ಕೂತೆವು.
ಮುಂದೆ ತೆಹ್ವಾಂತೆಪೆಕ್ ಕೊಲ್ಲಿ.
ಅಲ್ಲಿ ಗಾಳಿ ಕಡಲಿನಿಂದ ಬರುವುದಿಲ್ಲ, ನೆಲದಿಂದ ಬರುತ್ತದೆ,
ಬೆಟ್ಟದ ಸಂದಿಯಿಂದ, ಬಾಗಿಲು ಒದ್ದುಕೊಂಡು,
ಇದ್ದಬದ್ದ ದೋಣಿಗಳನ್ನೆಲ್ಲ ಗುಡಿಸಿ ಆಚೆಗೆ ಹಾಕುತ್ತದೆ.
ಗಾಳಿ ಬಂದಾಗ ತೂರಿಕೊಳ್ಳುವವರ ಮಾತು ಬೇರೆ.
ನಾವು ಗಾಳಿ ಮಲಗಿದಾಗ ನುಸುಳಿಕೊಳ್ಳುವವರು.

ದೋಣಿಯ ಹೆಸರು ಲಾ ತೆರ್ಕಾ. ಹಟಮಾರಿ ಅಂತ.
ಹಾಯಿ ಇಲ್ಲ. ನಾಲ್ಕು ಸಿಲಿಂಡರಿನ ಒಂಟಿ ಎಂಜಿನ್ನು,
ಗಂಟೆಗೆ ಏಳು ಮೈಲಿ, ಅದಕ್ಕೆ ಮನಸ್ಸಿದ್ದರೆ.
ಮಾಸಾತ್ಲಾನಿನಿಂದ ಇಲ್ಲಿಯವರೆಗೂ ಜನ
ಹೆಸರು ಓದುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ.
ಎಂಜಿನ್ನು ನನ್ನದು, ಅಪ್ಪನ ಬಸ್ ಶೆಡ್ಡಿನಲ್ಲಿ ಕಲಿತದ್ದು.
ಒಲೆ, ನಕ್ಷೆ, ಖರ್ಚಿನ ಪುಸ್ತಕ ಎರಾಕ್ಲಿಯೊನವು.
ಮೂವತ್ತು ವರ್ಷ ಟಗ್ಗಿನಲ್ಲಿ ಅಡಿಗೆ ಮಾಡಿದವನು,
ಎಂಜಿನ್ ಕೋಣೆಯ ಗೋಡೆಗೆ ಬೆನ್ನು ಕೊಟ್ಟು.
ಕಿವಿ ಎರಡನ್ನೂ ಅಲ್ಲೇ ಬಿಟ್ಟು ಬಂದ.

ಸಿಗಡಿ ಮಾರುವ ಕ್ರಿಸೋಫರೊ ಮುದುಕ ಆಕಾಶಕ್ಕೆ ಮೂಗೊಡ್ಡಿ
ಇವತ್ತು ಹೊರಡಿ, ಅಂದ. ಆದರೆ ಒಂದು ಕಾಲು ಮರಳಿನಲ್ಲೇ ಇರಲಿ.
ಅವನ ಹೆಂಡತಿ ತೂತುತೂತಿನ ಜೋಳದ ತೊತೊಪೊ
ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ದುಡ್ಡು ಮುಟ್ಟಲಿಲ್ಲ.
ಬಟ್ಟೆ ಮಾತ್ರ ವಾಪಸ್ಸು ಬೇಕು, ಅಂದಳು.

ದಡ ಬಿಡದೆ ಹೋದೆವು, ಐದು ಮಾರು ನೀರಿನಲ್ಲಿ,
ಅಲೆ ಒಡೆಯುವ ಗೆರೆ ಎಡಗೈಗೆ ಎಟಕುವಷ್ಟು ಹತ್ತಿರ.
ನೀರು ಮಗುವಿಗೆ ಹದ ಮಾಡಿದ ಸ್ನಾನದ ನೀರಿನಂತೆ.
ಒಂದು ಆಮೆ ತೇಲುತ್ತಿತ್ತು, ಅದರ ಬೆನ್ನ ಮೇಲೊಂದು ಹಕ್ಕಿ,
ಬಾಡಿಗೆ ಕೊಟ್ಟವನ ಗತ್ತಿನಲ್ಲಿ.
ಎರಾಕ್ಲಿಯೊ ಪುಸ್ತಕದಲ್ಲಿ ಬರೆದ:
ಆಮೆ ಒಂದು. ಪ್ರಯಾಣಿಕರು ಒಬ್ಬರು.

ಸಲೀನಾ ಕ್ರೂಸಿನ ಎಣ್ಣೆ ಕಾರ್ಖಾನೆಯ ದೀಪಗಳು ಹಿಂದೆ ಸರಿದವು.
ಅವನು ಮಲಗಿದ, ಅಂಗೈಯನ್ನು ನೆಲದ ಹಲಗೆಗೆ ಅಂಟಿಸಿ.
ಯಾವಾಗಲೂ ಹಾಗೆಯೇ. ಮದುವೆಯಾದ ಹೊಸತರಲ್ಲಿ
ಆ ಕೈ ನನ್ನ ಮೇಲಿರುತ್ತಿತ್ತು, ಈಗ ಎಂಜಿನ್ನಿನ ಮೇಲೆ,
ಎಂದು ನಾನು ಬಯ್ಯುವುದುಂಟು. ಅವನಿಗೆ ಕೇಳಿಸುವುದಿಲ್ಲ,
ಅಥವಾ ಕೇಳಿಸುತ್ತದೆ.

ನಾಲ್ಕು ಗಂಟೆಗೆ ಎಂಜಿನ್ನು ಕೆಮ್ಮಿತು. ಮತ್ತೆ ಕೆಮ್ಮಿತು. ನಿಂತಿತು.
ನಾನಿನ್ನೂ ಮೌನಕ್ಕೆ ಕಿವಿಗೊಡುತ್ತಿದ್ದೆ,
ಅವನಾಗಲೇ ಮುಂದೆ ಹೋಗಿ ಲಂಗರು ಇಳಿಸುತ್ತಿದ್ದ,
ಬರಿಮೈಯಲ್ಲಿ, ಯಾರೂ ಕೂಗದೆ.
ಸರಪಳಿ ಹರಿದು ಹೋಗುವ ಸದ್ದು. ಆಮೇಲೆ ಗಾಳಿಯ ಮೊದಲ ಸದ್ದು.
ಮರಳು ಬಂತು, ಕಾಣದ ದಡದಿಂದ,
ಕಾಫಿಯ ಲೋಟಕ್ಕೆ, ರೆಪ್ಪೆಗೆ, ಹಲ್ಲಿಗೆ.

ಫಿಲ್ಟರು. ಮೂರು ಊರು ಹಿಂದೆ ಪೀಪಾಯಿಯಿಂದ ಕೊಂಡ ಡೀಸೆಲ್ಲು,
ಅಗ್ಗ ಅಂತ. ಅಡಿಯಲ್ಲಿ ಕಪ್ಪು ಗಸಿ.
ನಾನು ಬಿಸಿ ಕಬ್ಬಿಣಕ್ಕೆ ಮೊಣಕೈ ತಾಗಿಸಿಕೊಂಡು ಕೊಳವೆಯ ಗಾಳಿ ಬಿಡಿಸಿದೆ,
ಅವನು ಟಾರ್ಚು ಹಿಡಿದ. ನಲವತ್ತು ವರ್ಷವಾದರೂ
ಅವನಿಗೆ ಟಾರ್ಚು ಹಿಡಿಯಲು ಬರುವುದಿಲ್ಲ:
ಬೆಳಕು ಯಾವಾಗಲೂ ಸ್ಕ್ರೂ ಬಿಟ್ಟು ನನ್ನ ಮುಖಕ್ಕೆ.
ಅಲ್ಲಿ ಅಲ್ಲ, ಇಲ್ಲಿ, ಎಂದು ಕಿರುಚಿದೆ. ಅವನು ತಲೆಯಾಡಿಸಿದ.
ಬೆಳಕು ಅಲ್ಲೇ ಇತ್ತು.

ಮೂರನೇ ಸಲಕ್ಕೆ ಹಟಮಾರಿ ಮನಸ್ಸು ಮಾಡಿದಳು.
ಅವನು ಬಗ್ಗಿ ಹಲಗೆ ಮುಟ್ಟಿ ನೋಡಿದ, ಜ್ವರ ನೋಡುವವನ ಹಾಗೆ,
ಒಲೆ ಹಚ್ಚಲು ಹೋದ.

ಮೂರನೇ ದಿನ ಚಿಯಾಪಸ್ ಬಂದರು. ನೌಕಾಪಡೆಯ ಹುಡುಗ,
ಜೊತೆಗೆ ಒಂದು ನಾಯಿ. ನಾಯಿ ತೊತೊಪೊದ ಬಟ್ಟೆಯನ್ನು
ಬಹಳ ಹೊತ್ತು ಮೂಸಿತು.
ಹುಡುಗ ಫಾರಮ್ಮು ತುಂಬುತ್ತ ಕೇಳಿದ:
ಪ್ರಯಾಣದ ಉದ್ದೇಶ?
ಎರಾಕ್ಲಿಯೊ ಎದೆಯುಬ್ಬಿಸಿ ಹೇಳಿದ: ನಾಲ್ಕು ಸಿಲಿಂಡರು.
ಹುಡುಗ ನನ್ನ ಕಡೆ ನೋಡಿದ. ನಾನು ಹೌದೆಂದೆ.
ಅವನು ಬರೆದುಕೊಂಡ.