ಈಜುವ ಕುದುರೆಗೆ ಬೆಲೆ

ವ್ಲಾದಿವೊಸ್ತೋಕ್‌ನ ಬೆನ್ನಿಗೊಂದು ಗುಡ್ಡ, ಗುಡ್ಡದ ತುಂಬ
ಜಪಾನಿನ ಹಡಗಿಂದ ಇಳಿದ ಹಳೇ ಗಾಡಿಗಳು.
ಮೊದಲಾದರೆ ನಮ್ಮ ಯಾಕುತ್ಸ್ಕ್‌ನವರು ವಿಮಾನ ಹತ್ತಿ ಹೋಗಿ,
ಟೈರಿಗೊಂದು ಒದೆ ಕೊಟ್ಟು, ಚೌಕಾಸಿ ಮಾಡಿ,
ವಾರಗಟ್ಟಲೆ ಓಡಿಸಿಕೊಂಡು ಬರುತ್ತಿದ್ದರು.
ಈ ವರ್ಷ ಊರು ಬಿಟ್ಟು ಬಂದವರು
ಹದಿನಾಲ್ಕು ದಿನ ಬಾಗಿಲು ಹಾಕಿಕೊಂಡಿರಬೇಕು.
ಆಸ್ಪತ್ರೆಯಲ್ಲಿ ನನಗೆ ಹದಿನಾಲ್ಕು ಗಂಟೆ ಬಿಡುವಿಲ್ಲ.

ಹಾಗಾಗಿ ಗ್ಲೇಬ್ ಎಂಬ ಹುಡುಗನ ಫೋನಿನಲ್ಲಿ ನೋಡಿದೆ.
ಮುಖ ತೋರಿಸಲಿಲ್ಲ; ಹೆಬ್ಬೆರಳು ಮಾತ್ರ, ಉಗುರಿನಡಿ ಕಪ್ಪು.
"ಇನ್ನೂ ಕೆಳಗೆ. ಸ್ವಲ್ಪ ಎಡಕ್ಕೆ. ಹಾಗೇ ಇರು."
ದಿನವಿಡೀ ಹೊಟ್ಟೆಗಳ ಮೇಲೆ ಯಂತ್ರ ಆಡಿಸಿ
ಒಳಗಿನದನ್ನು ಪರದೆಯಲ್ಲಿ ಓದುವವಳು ನಾನು.
ಮಾತು ತಾನೇ ಬಂತು.
"ಉಸಿರು ಬಿಗಿಹಿಡಿ" ಅಂತಲೂ ಅಂದುಬಿಟ್ಟೆ.
ಹಿಡಿದ, ಪಾಪ.

ಹರಾಜಿನ ಚೀಟಿಯಲ್ಲಿ ಗಾಡಿಯ ಚಿತ್ರ, ಚರ್ಮ ಬಿಡಿಸಿ ಹಾಸಿದ ಹಾಗೆ.
ಗೀರಿಗೊಂದು ಅಕ್ಷರ, ತಗ್ಗಿಗೊಂದು ಅಕ್ಷರ.
ಬಣ್ಣದ ದಪ್ಪ ಅಳೆಯುವ ಉಪಕರಣ ಒತ್ತುತ್ತ ಹೋದ:
ನೂರಹತ್ತು, ನೂರಹದಿನೈದು, ನೂರಹತ್ತು,
ಹಿಂದಿನ ಎಡಬಾಗಿಲಲ್ಲಿ
ನಾನೂರ ಎಂಬತ್ತು.
ಇಬ್ಬರೂ ಸುಮ್ಮನಾದೆವು.
ಈ ಮೌನ ನನಗೆ ಗೊತ್ತು,
ಮಲಗಿದವರು ಪರದೆ ಬಿಟ್ಟು ನನ್ನ ಮುಖ ನೋಡುವ ಹೊತ್ತಿನದು.
"ಗೇಟಿಗೆ ತಾಗಿರಬೇಕು."
"ಇರಬೇಕು."
ಇಪ್ಪತ್ತು ಸಾವಿರ ರೂಬಲ್ ಇಳಿಸಿದ.

ನ್ಯುರ್ಗುನ್ ಮಾವ ಫೋನಿನಲ್ಲೇ ಕೂಗಾಡಿದ:
"ಹೊಳೆಯಲ್ಲಿ ಈಜುವ ಕುದುರೆಗೆ
ದಡದಲ್ಲಿ ನಿಂತು ಬೆಲೆ ಕಟ್ಟುತ್ತೀಯಲ್ಲೇ! ಹಲ್ಲು ನೋಡಿದೆಯಾ?
ಗಾಡಿಯ ಸುಳ್ಳು ಕಣ್ಣಿಗೆ ಕಾಣಲ್ಲ, ಮೂಗಿಗೇ ಸಿಗೋದು.
ನೆರೆಯಲ್ಲಿ ಮುಳುಗಿದ್ದಾದರೆ ನೆಲಮಾಳಿಗೆ ವಾಸನೆ, ನೆನಪಿಡು."
ಹಣ ಆಗಲೇ ಕಳಿಸಿದ್ದೆ. ಹೇಳಲಿಲ್ಲ.

ಸೇತುವೆಯಿಲ್ಲದ ಹೊಳೆ ನಮ್ಮ ಲೇನಾ.
ದೋಣಿ ನಿಂತ ಮೇಲೆ, ಮಂಜುಗಡ್ಡೆ ಭಾರ ಹೊರುವವರೆಗೆ
ಆಚೆಯದು ಆಚೆ, ಈಚೆಯದು ಈಚೆ.
ಗಾಡಿ ಆಚೆ ದಡದಲ್ಲಿ ಮೂರು ವಾರ ಕಾಯಿತು.
ಅಷ್ಟರಲ್ಲಿ ನನಗೂ ಬಂತು.
ಜ್ವರ ಹೋಯಿತು, ಕೆಮ್ಮು ಹೋಯಿತು.
ಮೂಗು ಮಾತ್ರ ತಿರುಗಿ ಬರಲಿಲ್ಲ.

ಮೈನಸ್ ನಲವತ್ತಮೂರರ ಬೆಳಗ್ಗೆ ರಾವಿಲ್ ತಂದು ನಿಲ್ಲಿಸಿದ.
ಬೀಗದ ಕೈ ಹಿಮದ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದ.
ಚುಕ್ಕಾಣಿ ಬಲಗಡೆ. ಕೂತೆ. ಮೂಸಿದೆ.
ಏನೂ ಇಲ್ಲ. ತೊಳೆದಿಟ್ಟ ಗಾಜಿನ ಹಾಗೆ.
"ಕ್ಯುನ್ನೇಯ್, ನೀನು ಹೇಳು. ನೆಲಮಾಳಿಗೆಯಾ?"
ಒಂಬತ್ತರ ಮಗಳು ಮಾಸ್ಕ್ ಇಳಿಸಿ ಕಣ್ಣು ಮುಚ್ಚಿದಳು.
"ಕಿತ್ತಳೆ ಸಿಪ್ಪೆ. ಆಮೇಲೆ... ಯಾರದೋ ಅಜ್ಜಿ."
"ನಾಯಿ?"
"ನಾಯಿ ಇಲ್ಲ. ಬೆಕ್ಕಿದ್ದರೂ ಇರಬಹುದು."

ಕೀಲಿ ತಿರುಗಿಸಿದಾಗೆಲ್ಲ ಒಬ್ಬ ಹೆಂಗಸು ಜಪಾನಿಯಲ್ಲಿ
ನಯವಾಗಿ ಏನೋ ಹೇಳುತ್ತಾಳೆ.
ಹೆದ್ದಾರಿ ಸುಂಕದ ಕಾರ್ಡು ಹಾಕಿಲ್ಲ ಅಂತಂತೆ, ಗ್ಲೇಬ್ ಹೇಳಿದ.
ಕ್ಯುನ್ನೇಯ್ ದಿನಾ "ಆಯ್ತಜ್ಜಿ" ಅನ್ನುತ್ತಾಳೆ.
ನಕ್ಷೆಗೆ ನಮ್ಮ ಊರೇ ಗೊತ್ತಿಲ್ಲ.
ಬಾಣದ ಗುರುತು ಕಡಲ ನೀಲಿಯ ನಟ್ಟನಡುವೆ ನಿಂತಿದೆ.
ಮಾವ ಕಿಟಕಿಯಲ್ಲಿ ಇಣುಕಿ, ಮಾಸ್ಕಿನೊಳಗೇ ನಕ್ಕ:
"ಕುದುರೆ ಇನ್ನೂ ನೀರಲ್ಲೇ ಇದೆಯಲ್ಲೇ."

ಭಾನುವಾರ ಆ ನೀರಲ್ಲೇ ಕೂತು ಸಂತೆಗೆ ಹೋಗಿ
ಸೌದೆಯಂತೆ ಸೆಟೆದ ಮೀನು ಹದಿಮೂರು ತಂದೆವು.
ಹಿಂದಿನ ಸೀಟಿನಲ್ಲಿ ಒರಗಿಸಿಟ್ಟೆ, ಆ ನಾನೂರ ಎಂಬತ್ತರ ಬಾಗಿಲಿಗೆ.
ಹೀಟರು ಜೋರಾಗಿತ್ತು.
"ಅಮ್ಮಾ, ಕರಗಿದರೆ ಕಿತ್ತಳೆ ಹೋಗಿಬಿಡುತ್ತೆ" ಎಂದಳು.
ಹೌದಾ, ಎಂದೆ. ಹೋದಾಗ ಹೇಳು.